ಕಲೆ ಎಲ್ಲಿದೆ ನೋಡಿ, ಅಜ್ಜಿಯನ್ನೇ ಕೇಳಿ

ಪಿರಿಯಾಪಟ್ಟಣದ ಕಡೆಯ ಪುಟ್ಟ ವೃದ್ಧಾಶ್ರಮವೊಂದರಲ್ಲಿ ಮೊನ್ನೆ ಕಂಡ ನೋಟ್‌ಬುಕ್ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಪ್ರತಿ ಹಾಳೆಯಲ್ಲೂ ಮನುಷ್ಯನ ಎರಡು ರೇಖಾಚಿತ್ರ, ಒಂದು ಎದುರಿನದು, ಒಂದು ಬೆನ್ನಿನ ಕಡೆಯದು. ಅವುಗಳ ಮೇಲೆ ಕೆಂಪು ಪೆನ್ನಿನ ಸಣ್ಣ ಸಣ್ಣ ಸುತ್ತು. ಪಕ್ಕದಲ್ಲಿ ತಾರೀಖು, ಅಳತೆ, ಆ ಹಿರಿಯರು ಆಡಿದ ಮಾತು. ಸ್ನಾನ ಮಾಡಿಸುವಾಗ ಮೈಮೇಲೆ ಹೊಸ ಕಲೆ ಕಂಡರೆ ಅಲ್ಲಿನ ಸಿಸ್ಟರ್ ಹೀಗೆ ಗುರುತು ಹಾಕಿಡುತ್ತಾರೆ.

ನಾನಿದ್ದಾಗಲೇ ಒಬ್ಬ ಅಜ್ಜಿಯ ಮೊಣಕೈ ಕಪ್ಪಾಗಿದ್ದದ್ದು ಕಂಡಿತು. ಸಿಸ್ಟರ್ ನನ್ನನ್ನೂ ಸೇರಿಸಿ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದೆ ಮಾಡಿದರು. “ಇದೇನವ್ವಾ, ಕೈ ಹಿಂಗಾಗೈತೆ?” ಎಂದು ಕೇಳಿದ್ದು ಮಾತ್ರ ಕಿವಿಗೆ ಬಿತ್ತು. ಆಮೇಲೆ ಅಜ್ಜಿಯ ಒಪ್ಪಿಗೆ ಪಡೆದು ಬರೆದದ್ದನ್ನು ತೋರಿಸಿದರು. ರಾತ್ರಿ ಎದ್ದಾಗ ಮಂಚದ ಸರಳು ತಗುಲಿತ್ತಂತೆ. ಅಷ್ಟಕ್ಕೆ ಎಲ್ಲರನ್ನೂ ಏಕೆ ಕಳಿಸಬೇಕಿತ್ತು ಎಂದೆ. “ಹೊಡೆದೋರು ಪಕ್ಕದಲ್ಲೇ ನಿಂತಿದ್ರೆ ಹೇಳಕ್ಕಾಯ್ತದಾ ಸಾರ್?” ಎಂದರು.

ಈ ಮಾತಿನ ಬೆನ್ನು ಹತ್ತಿ ಓದುತ್ತಾ ಹೋದವನಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ವೈದ್ಯೆ ಲಾರಾ ಮೊಸ್ಕೆಡಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. 101 ಹಿರಿಯರ ಮೈಯನ್ನು ದಿನವೂ ನೋಡಿ, ಆಕಸ್ಮಿಕವಾಗಿ ರಕ್ತ ಹೆಪ್ಪುಗಟ್ಟಿದ ಕಲೆಗಳನ್ನು ಅವು ಮಾಯುವ ತನಕ ಗಮನಿಸಿದ ತಾಳ್ಮೆಯ ಕೆಲಸವದು. ಸಿಕ್ಕ 108 ಕಲೆಗಳಲ್ಲಿ ಸುಮಾರು ಶೇ. 90 ಕೈಕಾಲುಗಳಲ್ಲೇ ಇದ್ದವು. ಕುತ್ತಿಗೆ, ಕಿವಿ, ಜನನಾಂಗ, ಪೃಷ್ಠ, ಅಂಗಾಲಿನಲ್ಲಿ ಒಂದೇ ಒಂದು ಇರಲಿಲ್ಲ. ಹಳದಿಗೆ ತಿರುಗಿದ್ದರೆ ಹಳೆಯ ಏಟು ಎಂದು ನಾವೆಲ್ಲ ನಂಬಿದ್ದೇವಲ್ಲ, ಅದೂ ನಿಲ್ಲಲಿಲ್ಲ. ಕೆಲವು ಕಲೆಗಳು ಮೊದಲ ದಿನವೇ ಹಳದಿಯಾಗಿದ್ದವು. ಬಣ್ಣ ನೋಡಿ ವಯಸ್ಸು ಹೇಳಲಾಗದು. ಕಲೆ ಎಲ್ಲಿದೆ ಎಂಬುದೇ ಮುಖ್ಯ.

ಅದೇ ತಂಡ, ದೈಹಿಕ ಹಿಂಸೆಗೆ ಒಳಗಾದ 67 ಹಿರಿಯರನ್ನು ಪರೀಕ್ಷಿಸಿ 2009ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಇವರ ಕಲೆಗಳು ದೊಡ್ಡವು, ಹಲವು 5 ಸೆಂ.ಮೀ. ಮೀರಿದವು. ಮುಖ, ಬಲತೋಳಿನ ಹೊರಬದಿ, ಬೆನ್ನಿನ ಮೇಲೆ ಹೆಚ್ಚು. ನನ್ನನ್ನು ಅಲುಗಾಡಿಸಿದ್ದು ಇನ್ನೊಂದು ಸಂಗತಿ. ಕಲೆಯಿದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅದು ಹೇಗಾಯಿತೆಂದು ತಾವೇ ಹೇಳಿದರು. ಅವರಲ್ಲಿ ಮರೆವಿನ ಕಾಯಿಲೆಯವರೂ ಬಹಳ ಮಂದಿ ಇದ್ದರು. ‘ಅಜ್ಜಿಗೆ ಅರುಳು ಮರುಳು, ಏನೋ ಹೇಳ್ತಾಳೆ’ ಎಂದು ನಾವು ತಳ್ಳಿಹಾಕುವ ಮಾತಿನಲ್ಲೇ ಸತ್ಯ ಕೂತಿರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಚೂರು ತಗುಲಿದರೂ ಕಲೆಯಾಗುತ್ತದೆ ಎಂಬುದೂ ನೆನಪಿರಲಿ. ಕಲೆಯೊಂದರಿಂದಲೇ ಯಾರನ್ನೂ ದೂರಲಾಗದು. ಬೇರೆ ಗುರುತುಗಳನ್ನೂ ಕೂಡಿಸಿ ನೋಡಬೇಕು. ವಾಸಿಯಾಗದ ಹಾಸಿಗೆ ಹುಣ್ಣು, ತಿಂಗಳಲ್ಲೇ ಇಳಿದ ತೂಕ, ಒದ್ದೆ ಡೈಪರ್, ಹಗಲಿನಲ್ಲೂ ಬಿಡದ ಮಂಪರು, ಮಣಿಕಟ್ಟಿನ ಸುತ್ತ ಕಟ್ಟಿದ ಗೀರು. ಆಯಾ ಹತ್ತಿರ ಬಂದೊಡನೆ ಮಾತು ನಿಲ್ಲಿಸುವುದು. ಪಿಂಚಣಿಯ ಪಾಸ್‌ಬುಕ್, ಎಟಿಎಂ ಕಾರ್ಡ್ ಬೇರೆಯವರ ಕೈಯಲ್ಲಿರುವುದು. ‘ಬೀಳದಿರಲಿ ಅಂತ ಕಟ್ಟಿದ್ದೀವಿ’ ಎಂಬ ಸಮಜಾಯಿಷಿಯನ್ನು ನಾನಂತೂ ಒಪ್ಪಲಾರೆ. 2025ರ ಜೂನ್‌ನಲ್ಲಿ ನೋಯ್ಡಾದ ಆಶ್ರಮವೊಂದರಿಂದ 39 ಹಿರಿಯರನ್ನು ಬಿಡಿಸಿದಾಗ ಕಂಡದ್ದು ಬೀಗ ಹಾಕಿದ ಕೋಣೆ, ಕಟ್ಟಿದ ಕೈಗಳು.

ವೈದ್ಯಲೋಕ ಈ ವಿಷಯವನ್ನು ಬರೆಯತೊಡಗಿದ್ದೇ 1975ರಲ್ಲಿ, ಬ್ರಿಟನ್ನಿನ ಪತ್ರಿಕೆಗಳಲ್ಲಿ. ಜೂನ್ 15 ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಜಾಗೃತಿಯ ದಿನವೆಂದು 2011ರಲ್ಲಿ ವಿಶ್ವಸಂಸ್ಥೆ ಒಪ್ಪಿತು. ಆರೈಕೆ ಕೇಂದ್ರಗಳ ಸಿಬ್ಬಂದಿಯಲ್ಲಿ ಮೂವರಿಗೆ ಇಬ್ಬರು ಹಿಂದಿನ ವರ್ಷದಲ್ಲಿ ಯಾವುದೋ ಬಗೆಯ ದೌರ್ಜನ್ಯ ನಡೆಸಿದ್ದಾಗಿ ತಾವೇ ಹೇಳಿಕೊಂಡಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾತ್ರಿಯಿಡೀ ಒಬ್ಬಳೇ ಆಯಾಳ ಮೇಲೆ ಹತ್ತಾರು ಜನರನ್ನು ಹೊರಿಸಿದರೆ ಕೈ ಒರಟಾಗದೆ ಇರುತ್ತದೆಯೇ? ಆಯಾಳನ್ನು ಬೈಯುವ ಮುನ್ನ ಆಡಳಿತದವರನ್ನು ಕೇಳಬೇಕು.

ಇತ್ತ ಮಕ್ಕಳ ಪಾಲೂ ಇದೆ. ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಯೊಂದರಲ್ಲೇ ಹೆತ್ತವರನ್ನು ಬಿಟ್ಟುಹೋದ 150ಕ್ಕೂ ಹೆಚ್ಚು ಪ್ರಕರಣಗಳ ಮಾತು 2025ರಲ್ಲಿ ಸಚಿವ ಶರಣಪ್ರಕಾಶ ಪಾಟೀಲರಿಂದಲೇ ಬಂತು. ಹೀಗೆ ಬಿಟ್ಟುಹೋದವರಿಗೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 3 ತಿಂಗಳವರೆಗಿನ ಸೆರೆ ಅಥವಾ 5,000 ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಉಂಟು. ಹೊಗೆಸೊಪ್ಪಿನ ಹೊಲವನ್ನು ಮಗನ ಹೆಸರಿಗೆ ದಾನಪತ್ರ ಮಾಡುವ ನಮ್ಮ ಕಡೆಯ ಅಪ್ಪ ಅವ್ವಂದಿರು ‘ನನ್ನನ್ನು ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಆಮೇಲೆ ನೋಡಿಕೊಳ್ಳದಿದ್ದರೆ 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ನ್ಯಾಯಮಂಡಳಿ ದೂರವೇನಿಲ್ಲ, ಹುಣಸೂರಿನ ಉಪವಿಭಾಗಾಧಿಕಾರಿಯೇ ಅದರ ಮುಖ್ಯಸ್ಥರು. ಓಡಾಡಲಾಗದ ಹಿರಿಯರ ಪರವಾಗಿ, ಅವರು ಒಪ್ಪಿ ನೇಮಿಸಿದವರು ಜೀವನಾಂಶದ ಅರ್ಜಿ ಕೊಡಬಹುದು. ಆಶ್ರಮದೊಳಗಿನ ಹಿಂಸೆಗೆ ಪೊಲೀಸ್ ಠಾಣೆಯಿದೆ, 14567 ಸಹಾಯವಾಣಿಯಿದೆ.

ಆಶ್ರಮದಲ್ಲಿ ನಿಮ್ಮವರಿದ್ದರೆ ಹೇಳದೆ ಕೇಳದೆ ಹೋಗಿ. ಊಟದ ಹೊತ್ತಿಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹೋಗಿ. ಬಿಡುವುದಿಲ್ಲ ಎಂದರೆ ಅದನ್ನೇ ಮೊದಲ ಅನುಮಾನ ಎಂದುಕೊಳ್ಳಿ. ಒಳಗೆ ಬಿಟ್ಟರೆ ಪಕ್ಕದಲ್ಲಿ ಕೂತು, ಬೇರೆ ಯಾರೂ ಇಲ್ಲದಾಗ ಕೇಳಿ. ಅವರು ಹೇಳಿದ್ದನ್ನು ನಂಬಿ, ಅವತ್ತೇ ಬರೆದಿಡಿ.