ಡಿಎನ್‌ಎ ಲ್ಯಾಬ್ ಬಿಟ್ಟು ಕ್ಯಾಮೆರಾ ಹಿಡಿದರು: ಕಪ್ಪು ಹುಲಿಯ ಫೋಟೊ ಹಿಂದಿನ ಬೆಂಗಳೂರು ನಂಟು

ಸಿ.ವಿ. ರಾಮನ್ ನಗರ: ನಮ್ಮ ಏರಿಯಾದಲ್ಲಿ ವಿಜ್ಞಾನಿ ಅಂದ್ರೆ ಅಪರೂಪದವರಲ್ಲ. ಬಡಾವಣೆಯ ಹೆಸರೇ ನೊಬೆಲ್ ವಿಜ್ಞಾನಿಯದ್ದು. ಜೆಟ್ ಎಂಜಿನ್ ಕೆಲಸದ ಜಿಟಿಆರ್‌ಇ, ರೇಡಾರ್ ಕೆಲಸದ ಎಲ್‌ಆರ್‌ಡಿಇ ಎರಡೂ ಇಲ್ಲೇ ಇವೆ. ಒಳಗೆ ಏನು ನಡೆಯುತ್ತೆ ಅಂತ ಅವರು ಹೇಳೋ ಹಾಗಿಲ್ಲ, ರಕ್ಷಣಾ ಇಲಾಖೆ ವಿಷಯ ಬಿಡಿ. ಆದರೆ ಧಾರಾಳವಾಗಿ ಹೇಳಬಹುದಾದ ವಿಜ್ಞಾನವೂ ಎಷ್ಟೋ ಸಲ ಲ್ಯಾಬ್ ಗೇಟ್ ದಾಟಲ್ಲ. ಅದನ್ನು ದಾಟಿಸಲು ಕೆಲಸವನ್ನೇ ಬದಲಿಸಿಕೊಂಡವರು ಪ್ರಸೇನ್‌ಜೀತ್ ಯಾದವ್.

ನಾಗಪುರದ ಕಡೆಯವರು. ಓದಿದ್ದು ಮಾಲಿಕ್ಯುಲರ್ ಬಯಾಲಜಿ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್‌ನಲ್ಲಿ ಡಾ. ಉಮಾ ರಾಮಕೃಷ್ಣನ್ ಅವರ ತಂಡದಲ್ಲಿ ಸಂಶೋಧನೆ ಮಾಡುತ್ತಿದ್ದರು. ಈ ಲ್ಯಾಬ್ ಹುಲಿಗಳ ಡಿಎನ್‌ಎ ಅಧ್ಯಯನಕ್ಕೆ ಹೆಸರುವಾಸಿ. ಕಾಡಿನಲ್ಲಿ ಬಿದ್ದ ಹುಲಿಯ ಲದ್ದಿ, ಕೂದಲು ತಂದು ಪರೀಕ್ಷಿಸಿದರೆ ಸಾಕು, ಯಾವ ಹುಲಿ, ಯಾವ ಹುಲಿಗೆ ಸಂಬಂಧ ಅಂತ ತಿಳಿಯುತ್ತೆ. ಹುಲಿಯನ್ನು ಹಿಡಿಯೋದೂ ಬೇಡ, ನೋಡೋದೂ ಬೇಡ.

ಹೀಗೆ ಸಿಕ್ಕ ವಿಷಯ ಇಂಗ್ಲಿಷ್ ಜರ್ನಲ್‌ನಲ್ಲಿ ಅಚ್ಚಾಗುತ್ತೆ, ಅದನ್ನು ಓದುವವರು ಅದೇ ಕ್ಷೇತ್ರದವರು. ಯಾದವ್ ಕ್ಯಾಮೆರಾ ಕಡೆ ತಿರುಗಿದರು. ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಅನುದಾನದಲ್ಲಿ ಪಶ್ಚಿಮ ಘಟ್ಟದ ಶೋಲಾ ಬೆಟ್ಟಗಳನ್ನು ದಾಖಲಿಸಿದರು. ಸುತ್ತ ಬಿಸಿ ಬಯಲು, ಮೇಲೆ ತಂಪು ಕಾಡು. ಸಮುದ್ರದಲ್ಲಿ ದ್ವೀಪ ಇದ್ದ ಹಾಗೆ, ಅಲ್ಲಿನ ಹಕ್ಕಿಗಳು ಪಕ್ಕದ ಬೆಟ್ಟಕ್ಕೂ ಹೋಗಲ್ಲ. ಈ ಕೆಲಸದ ನಡುವೆ 2015ರಲ್ಲಿ ಮೆಟ್ಟುಪಾಳ್ಯಂ ಬಳಿ ರಾತ್ರಿ ಕ್ಯಾಮೆರಾ ತಾನಾಗೇ ಕ್ಲಿಕ್ ಆಗುವಂತೆ ಇಟ್ಟಿದ್ದರು. ಆಮೇಲೆ ನೋಡಿದರೆ ಒಂದು ಚಿತ್ರದಲ್ಲಿ ಹಸಿರು ಉಲ್ಕೆ! ಅದೃಷ್ಟ ಅನ್ನಿ, ಆದರೆ ಕ್ಯಾಮೆರಾ ಅಲ್ಲಿ ಇರಬೇಕಿತ್ತಲ್ಲ. ಮುಂದೆ ಹಿಮಾಚಲದ ಸ್ಪಿಟಿಯಲ್ಲಿ ಹಿಮಚಿರತೆ. ಆ ಚಿತ್ರಗಳು 2020ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮ್ಯಾಗಜೀನ್‌ನಲ್ಲಿ ಬಂದವು.

ಇಲ್ಲಿ ಬಳಸೋದು ಕ್ಯಾಮೆರಾ ಟ್ರ್ಯಾಪ್. ಪ್ರಾಣಿ ಓಡಾಡುವ ದಾರಿ ಹುಡುಕಿ ಕ್ಯಾಮೆರಾ, ಲೈಟು, ಸೆನ್ಸರ್ ಕಟ್ಟಿ ಬರಬೇಕು. ಎದುರು ಪ್ರಾಣಿ ಹಾದರೆ ಕ್ಲಿಕ್. ಪ್ರಾಣಿ ಯಾವ ಬಂಡೆಯ ಬಳಿ ವಾಸನೆ ಬಿಡುತ್ತೆ, ಯಾವಾಗ ಬರುತ್ತೆ ಅಂತ ಗೊತ್ತಿಲ್ಲದಿದ್ದರೆ ತಿಂಗಳುಗಟ್ಟಲೆ ಇಟ್ಟರೂ ಖಾಲಿ ಕಾರ್ಡೇ ಗತಿ. ಲ್ಯಾಬ್‌ನಲ್ಲಿ ಕಲಿತ ತಾಳ್ಮೆ ಉಪಯೋಗಕ್ಕೆ ಬರೋದು ಇಲ್ಲೇ.

ಎರಡೂ ದಾರಿ ಸೇರಿದ್ದು ಒಡಿಶಾದ ಸಿಮಿಲಿಪಾಲ್ ಕಾಡಿನಲ್ಲಿ. ಅಲ್ಲಿ ಪಟ್ಟೆ ದಪ್ಪಗಾಗಿ ಒಂದಕ್ಕೊಂದು ಕೂಡಿಕೊಂಡು ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳಿವೆ. ಕಾರಣ ಏನು ಅಂತ 2021ರಲ್ಲಿ ಹೇಳಿದ್ದು ಉಮಾ ಅವರದೇ ತಂಡ: ಟಾಕ್‌ಪೆಪ್ ಎಂಬ ಜೀನ್‌ನಲ್ಲಿ ಒಂದು ಸಣ್ಣ ಬದಲಾವಣೆ. ಬೆಕ್ಕುಗಳ ಮೈಮೇಲಿನ ಪಟ್ಟೆ ಕಲಸಿಕೊಂಡು ಮಚ್ಚೆಯಾಗೋದಕ್ಕೂ ಇದೇ ಜೀನ್ ಕಾರಣ. ಅಪ್ಪ, ಅಮ್ಮ ಇಬ್ಬರಿಂದಲೂ ಆ ಬದಲಾವಣೆ ಬಂದರಷ್ಟೇ ಮರಿ ಕಪ್ಪು. ಬೇರೆಡೆ ಇದು ಕಾಣೋದೇ ಇಲ್ಲ ಅನ್ನಬಹುದು, ಸಿಮಿಲಿಪಾಲ್‌ನಲ್ಲಿ ಆಗ ಸುಮಾರು 37% ಹುಲಿಗಳು ಹೀಗಿದ್ದವು. ಅಂದ್ರೆ ಹೊರಗಿನ ಹುಲಿ ಬಂದು ಸೇರ್ತಿಲ್ಲ, ಇರೋ ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಮರಿ ಹಾಕ್ತಿವೆ.

ಆ ಹುಲಿಯನ್ನು ಯಾದವ್ ಸೆರೆಹಿಡಿದ ಚಿತ್ರ ನ್ಯಾಷನಲ್ ಜಿಯಾಗ್ರಫಿಕ್‌ನ 2025ರ ಅಕ್ಟೋಬರ್ ಸಂಚಿಕೆಯ ಮುಖಪುಟಕ್ಕೆ ಬಂತು. ನೋಡಿದವರು 'ಎಂಥಾ ಚೆಂದ' ಅಂತಾರೆ, ಚೆಂದವೇ ಹೌದು. ಆದರೆ ಆ ಕಪ್ಪು ಬಣ್ಣ ಸುತ್ತಲ ಕಾಡಿನ ದಾರಿ ಕಡಿದುಹೋಗಿದ್ದರ ಗುರುತು ಕೂಡ. ಆ ಸಂಶೋಧನಾ ಲೇಖನವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೋ ಗೊತ್ತಿಲ್ಲ. ಫೋಟೊ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಬಂದಿರಬಹುದು. ಮುಂದಿನ ಸಲ ಫಾರ್ವರ್ಡ್ ಮಾಡುವಾಗ ಈ ಜೀನ್ ಕಥೆಯನ್ನೂ ಎರಡು ಸಾಲು ಸೇರಿಸಿ.