ಒಂದು ಚಿಟಿಕೆ ಕೈಸನ್ನೆ



ಈ ಸಾಲು ಓದುತ್ತಿರುವ ಹೊತ್ತಿನಲ್ಲಿ ನಿಮ್ಮ ಕೈ ಏನು ಮಾಡುತ್ತಿದೆ, ಸ್ವಲ್ಪ ಗಮನಿಸಿ. ಚಹಾದ ಲೋಟ ಹಿಡಿದಿರಬಹುದು, ಮೂಗು ತುರಿಸುತ್ತಿರಬಹುದು, ಲೋಕಲ್ ರೈಲಿನ ಹಿಡಿಕೆಗೆ ಜೋತು ಬಿದ್ದಿರಬಹುದು. ಇದರಲ್ಲಿ ಯಾವುದೂ ಯಾರಿಗೂ ಕೊಟ್ಟ ಆಜ್ಞೆಯಲ್ಲ. ಈಗ ನಿಮ್ಮ ಮುಖದ ಮೇಲೊಂದು ಕನ್ನಡಕ ಇದೆ, ಅದು ನಿಮ್ಮ ಕೈಯನ್ನೇ ನೋಡುತ್ತಾ ಕೂತಿದೆ, ಕೈ ಆಡಿಸಿದರೆ ಕೆಲಸ ಮಾಡುತ್ತದೆ ಅಂದುಕೊಳ್ಳಿ. ಆಗ ಅದಕ್ಕೆ ಮೊದಲು ಗೊತ್ತಾಗಬೇಕಾದದ್ದು ಒಂದೇ. ಈ ಕೈ ನನಗೆ ಏನಾದರೂ ಹೇಳುತ್ತಿದೆಯೋ, ಇಲ್ಲ ಸುಮ್ಮನೆ ಮೂಗು ತುರಿಸುತ್ತಿದೆಯೋ?

ಇದನ್ನು ಬರೆಯಲು ಕಾರಣ ಪುಣೆಯ ಹಿರಿಯ ಕೇಳುಗರೊಬ್ಬರ ಪತ್ರ. ಮಗ ವಿದೇಶದಿಂದ ಅಂಥದ್ದೊಂದು ಹೆಡ್‌ಸೆಟ್ ತಂದಿದ್ದಾನಂತೆ. ಮಗ ಬೆರಳು ಆಡಿಸಿದರೆ ಚಿತ್ರಗಳು ತೆರೆದುಕೊಳ್ಳುತ್ತವೆ. ಇವರು ಆಡಿಸಿದರೆ ಏನೂ ಆಗುವುದಿಲ್ಲ. "ನನ್ನ ಕೈ ಸ್ವಲ್ಪ ನಡುಗುತ್ತದೆ, ಅದಕ್ಕೇನಾ?" ಎಂದು ಕೇಳಿದ್ದಾರೆ. ಉತ್ತರ ಹೇಳುವ ಮೊದಲು ಯಂತ್ರ ಕೈಯನ್ನು ಹೇಗೆ ಓದುತ್ತದೆ ಎಂದು ನೋಡೋಣ.

ಎದುರಿಗಿರುವ ನಿಜವಾದ ಕೋಣೆಯ ಮೇಲೆ ಕಂಪ್ಯೂಟರಿನ ಚಿತ್ರವನ್ನು ಕೂರಿಸಿ ತೋರಿಸುವುದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ. ಇದನ್ನೂ ಇದರ ನೆಂಟರನ್ನೂ ಸೇರಿಸಿ ಎಕ್ಸ್‌ಟೆಂಡೆಡ್ ರಿಯಾಲಿಟಿ, ಚಿಕ್ಕದಾಗಿ ಎಕ್ಸ್‌ಆರ್. ಇಲ್ಲಿ ಮೌಸ್ ಇಡಲು ಮೇಜಿಲ್ಲ, ಒತ್ತಲು ಗಾಜಿಲ್ಲ. ಆದ್ದರಿಂದ ಹೆಡ್‌ಸೆಟ್ಟಿನ ಪುಟ್ಟ ಕ್ಯಾಮೆರಾಗಳು ಕೈಯನ್ನು ಹುಡುಕುತ್ತವೆ. ಕೈ ಸಿಕ್ಕ ಮೇಲೆ ಮಣಿಕಟ್ಟು, ಗೆಣ್ಣು, ಬೆರಳ ತುದಿ ಹೀಗೆ ಚುಕ್ಕೆ ಇಡುತ್ತವೆ. ಗೂಗಲ್ 2019ರಲ್ಲಿ ಬಿಡುಗಡೆ ಮಾಡಿದ ಮೀಡಿಯಾಪೈಪ್ ಒಂದು ಕೈಗೆ 21 ಚುಕ್ಕೆ ಇಡುತ್ತದೆ. ಹೆಡ್‌ಸೆಟ್‌ಗಳ ಓಪನ್‌ಎಕ್ಸ್‌ಆರ್ ನಿಯಮದಲ್ಲಿ 26 ಇವೆ. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಚುಕ್ಕೆ ಇಟ್ಟು ರಂಗೋಲಿ ಎಳೆದಂತೆಯೇ, ಆದರೆ ಇಲ್ಲಿ ಸೆಕೆಂಡಿಗೆ ಹತ್ತಾರು ಬಾರಿ ಹೊಸ ರಂಗೋಲಿ. ಅಂಗೈಯ ಹಿಂದೆ ಬೆರಳು ಮರೆಯಾದರೆ ಅದು ಎಲ್ಲಿರಬಹುದು ಎಂದು ಊಹೆ ಮಾಡುತ್ತದೆ. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ.

ಕೈ ತೋರಿಸಿ ಕೆಲಸ ಹೇಳುವ ಆಸೆ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಬೋಲ್ಟ್ 1980ರಲ್ಲೇ ಗೋಡೆಯಷ್ಟು ದೊಡ್ಡ ಪರದೆಯತ್ತ ಕೈ ತೋರಿಸಿ "ಅದನ್ನು ಅಲ್ಲಿಡು" ಎಂದರೆ ಕೇಳುವ ವ್ಯವಸ್ಥೆಯನ್ನು ವಿವರಿಸಿದ್ದರು. 1989ರಲ್ಲಿ ವಿಡಿಯೋ ಆಟಕ್ಕೆಂದು ಪವರ್ ಗ್ಲವ್ ಎಂಬ ಕೈಗವಸು ಬಂತು, ಹೆಚ್ಚು ದಿನ ಉಳಿಯಲಿಲ್ಲ. ನಮ್ಮೂರಿನ ನಂಟೂ ಒಂದಿದೆ. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ನಡೆದ ಟೆಡ್ ಇಂಡಿಯಾ ಸಮ್ಮೇಳನದಲ್ಲಿ ಗುಜರಾತಿನ ಪ್ರಣವ್ ಮಿಸ್ತ್ರಿ ತಮ್ಮ 'ಸಿಕ್ಸ್ತ್ ಸೆನ್ಸ್' ತೋರಿಸಿದರು. ಕುತ್ತಿಗೆಗೆ ನೇತುಹಾಕಿದ ಕ್ಯಾಮೆರಾ ಮತ್ತು ಪುಟ್ಟ ಪ್ರೊಜೆಕ್ಟರ್, ಬೆರಳ ತುದಿಗೆ ಬಣ್ಣಬಣ್ಣದ ಟೋಪಿ. ಬೆರಳುಗಳಿಂದ ಚೌಕಟ್ಟು ಮಾಡಿದರೆ ಫೋಟೋ, ಅಂಗೈ ಮೇಲೆ ಫೋನಿನ ಅಂಕಿಗಳು. ಬೆರಳಿಗೆ ಬಣ್ಣ ಹಚ್ಚದೆ ಕ್ಯಾಮೆರಾಕ್ಕೆ ಕೈ ಗುರುತು ಸಿಗುವುದು ಕಷ್ಟವಾಗಿದ್ದ ಕಾಲ ಅದು.

ಆ ಕಷ್ಟವೇನೋ ಬಗೆಹರಿಯಿತು. ಆದರೆ ಇನ್ನೆರಡು ಉಳಿದವು. ಒಂದು, ತೋಳು ನೋವು. 2002ರ 'ಮೈನಾರಿಟಿ ರಿಪೋರ್ಟ್' ಸಿನಿಮಾದಲ್ಲಿ ಟಾಮ್ ಕ್ರೂಸ್ ಎರಡೂ ಕೈ ಎತ್ತಿ ಗಾಳಿಯಲ್ಲಿ ಚಿತ್ರಗಳನ್ನು ಸರಿಸುವುದನ್ನು ನೀವು ನೋಡಿರಬಹುದು. ನೋಡಲು ಚೆಂದ. ಐದು ನಿಮಿಷ ಹಾಗೆ ಕೈ ಎತ್ತಿ ನಿಂತು ನೋಡಿ, ಶಾಲೆಯಲ್ಲಿ ಮೇಷ್ಟ್ರು ಕೊಟ್ಟ ಶಿಕ್ಷೆ ನೆನಪಾಗುತ್ತದೆ. ತಂತ್ರಜ್ಞರು ಇದಕ್ಕೆ 'ಗೊರಿಲ್ಲಾ ತೋಳು' ಎಂದೇ ಹೆಸರಿಟ್ಟಿದ್ದಾರೆ. ಎರಡನೆಯದು ನಾನು ಮೊದಲೇ ಹೇಳಿದ ಮೂಗು ತುರಿಸುವ ಸಮಸ್ಯೆ. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈದಾಸ್ ರಾಜನ ಕಥೆ ಗೊತ್ತಲ್ಲ? ಕೈ ಆಡಿಸಿದ್ದೆಲ್ಲ ಆಜ್ಞೆಯಾದರೂ ಅದೇ ಪಾಡು.

ಎರಡಕ್ಕೂ ಸಿಕ್ಕ ಮದ್ದು ನಮ್ಮ ಅಡುಗೆಮನೆಯದು. ಒಂದು ಚಿಟಿಕೆ ಉಪ್ಪು ತೆಗೆಯುವಾಗ ಹೆಬ್ಬೆರಳು ತೋರುಬೆರಳು ಕೂಡುತ್ತವಲ್ಲ, ಅದು. ಭರತನಾಟ್ಯ ಕಲಿತವರು ಹಂಸಾಸ್ಯ ಹಸ್ತವನ್ನು ನೆನೆಯಬಹುದು. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2016ರಲ್ಲಿ ಬಂದಾಗ ಇದರ ಹತ್ತಿರದ ಸನ್ನೆಯನ್ನೇ ಬಳಸಿತ್ತು, ಆದರೆ ಕೈಯನ್ನು ಮುಖದೆದುರು ಎತ್ತಬೇಕಿತ್ತು. ಆ ಸಾಲಿನ ತಯಾರಿಕೆ 2024ರಲ್ಲಿ ನಿಂತಿತು. 2019ರ ಕೊನೆಗೆ ಕ್ವೆಸ್ಟ್ ಹೆಡ್‌ಸೆಟ್ಟಿಗೂ ಬರಿಗೈ ಗುರುತಿಸುವ ಸೌಲಭ್ಯ ಬಂತು, ಅಲ್ಲೂ ಚಿಟಿಕೆಯೇ. ಚಿಟಿಕೆಯ ಗುಣವೆಂದರೆ ಬೆರಳಿಗೆ ಬೆರಳು ತಾಗಿದ್ದು ನಿಮಗೇ ಗೊತ್ತಾಗುತ್ತದೆ. ಗಾಳಿಯಲ್ಲಿರುವ ಬಟನ್ ಒತ್ತಿದರೆ ಒತ್ತಿದೆನೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಇಲ್ಲಿ ಅದಿಲ್ಲ.

2024ರಲ್ಲಿ ಬಂದ ಆಪಲ್ ವಿಷನ್ ಪ್ರೊ ಇದಕ್ಕೆ ಕಣ್ಣನ್ನೂ ಸೇರಿಸಿತು. ಯಾವುದು ಬೇಕೋ ಅದನ್ನು ನೋಡಬೇಕು, ತೊಡೆಯ ಮೇಲೆ ಇಟ್ಟ ಕೈಯಲ್ಲೇ ಚಿಟಿಕೆ ಹಾಕಬೇಕು. ಯಾವುದು ಎನ್ನುವುದು ಕಣ್ಣಿನ ಮಾತು, ಈಗ ಎನ್ನುವುದು ಬೆರಳಿನ ಮಾತು. ನಮ್ಮ ಸ್ಟುಡಿಯೋದಲ್ಲೂ ಇದೇ ಪದ್ಧತಿ ಅಂದರೆ ನಗಬೇಡಿ. ಗಾಜಿನ ಆಚೆ ಕೂತ ಇಂಜಿನಿಯರ್ ಬೆರಳು ಗಿರಗಿರ ತಿರುಗಿಸಿದರೆ ಬೇಗ ಮುಗಿಸು ಎಂದರ್ಥ, ಎರಡು ಕೈ ಅಗಲಿಸಿದರೆ ಇನ್ನೂ ಸ್ವಲ್ಪ ಎಳೆ ಎಂದರ್ಥ. ಆದರೆ ಮೊದಲು ಕಣ್ಣಿಗೆ ಕಣ್ಣು ಕೂಡಬೇಕು. ಇಲ್ಲದಿದ್ದರೆ ಅವರು ಸೊಳ್ಳೆ ಓಡಿಸುತ್ತಿದ್ದಾರೋ ಏನೋ!

ಕ್ಯಾಮೆರಾವೇ ಬೇಡವೆನ್ನುವ ದಾರಿಯೂ ತೆರೆದಿದೆ. 2025ರ ಸೆಪ್ಟೆಂಬರಿನಲ್ಲಿ ಮೆಟಾ ತನ್ನ ಕನ್ನಡಕದ ಜೊತೆ ಮಣಿಕಟ್ಟಿಗೊಂದು ಪಟ್ಟಿ ಕೊಟ್ಟಿತು. ಬೆರಳನ್ನು ಆಡಿಸುವ ಸ್ನಾಯುಗಳ ವಿದ್ಯುತ್ ಸುಳಿವನ್ನು ಅದು ಚರ್ಮದ ಮೇಲಿಂದಲೇ ಓದುತ್ತದೆ. ಹಾಗಾಗಿ ಕೈ ಕ್ಯಾಮೆರಾಕ್ಕೆ ಕಾಣಲೇಬೇಕೆಂದಿಲ್ಲ. ನನಗಂತೂ ಇದು ಹೆಚ್ಚು ಇಷ್ಟ, ಜನರ ನಡುವೆ ನಿಂತು ಗಾಳಿಯಲ್ಲಿ ಕೈ ಬೀಸುವ ಮುಜುಗರ ತಪ್ಪುತ್ತದೆ. ಹಾಗೆಂದು ನಮ್ಮ ಮೈಯ ಸುಳಿವು ಕಂಪನಿಯೊಂದರ ಯಂತ್ರಕ್ಕೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಈಗ ಪುಣೆಯ ಹಿರಿಯರಿಗೆ. ನಡುಕವೂ ಕಾರಣವಿರಬಹುದು, ಬೆರಳು ಸರಿಯಾಗಿ ಕೂಡದಿದ್ದರೆ ಯಂತ್ರಕ್ಕೆ ಚಿಟಿಕೆ ಎನಿಸುವುದಿಲ್ಲ. ಆದರೆ ದೋಷವನ್ನೆಲ್ಲ ನಿಮ್ಮ ಕೈಯ ಮೇಲೆ ಹಾಕಿಕೊಳ್ಳಬೇಡಿ. ಮೊದಲು ಕೋಣೆಯ ದೀಪ ಹಾಕಿಸಿ, ಉದ್ದ ತೋಳಿನ ಅಂಗಿ ಬೆರಳು ಮುಚ್ಚದಂತೆ ಮಡಚಿ. ಅದು ವಿಷನ್ ಪ್ರೊ ಆಗಿದ್ದರೆ ಮಗನ ಕೈಯನ್ನೂ ಕಣ್ಣನ್ನೂ ಅಳೆದು ಹೊಂದಿಸಿಕೊಂಡಿರುತ್ತದೆ, ಅತಿಥಿ ಎಂದು ಆಯ್ದು ನಿಮ್ಮದನ್ನು ಹೊಸದಾಗಿ ಅಳೆಸಿ. ಅದರ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಡ್ವೆಲ್ ಕಂಟ್ರೋಲ್ ಎಂದಿದೆ. ಅದನ್ನು ಚಾಲೂ ಮಾಡಿದರೆ ಬೇಕಾದುದನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಸಾಕು, ಬೆರಳೇ ಬೇಡ. ಧ್ವನಿಯಿಂದ ನಡೆಸುವ ದಾರಿಯೂ ಇದೆ. ಕ್ವೆಸ್ಟ್ ಆಗಿದ್ದರೆ ಜೊತೆಗೆ ಬಂದ ಕಂಟ್ರೋಲರ್ ಡಬ್ಬದಲ್ಲೇ ಇರುತ್ತದೆ, ಅದನ್ನು ಕೈಗೆ ಕೊಡುವಂತೆ ಮಗನಿಗೆ ಹೇಳಿ. ಏನಾಯಿತು ಎಂದು ಇನ್ನೊಂದು ಕಾಗದ ಬರೆಯಿರಿ.