ಶ್ರೀನಿವಾಸನ ತಲೆಗೂದಲು ಮತ್ತು ಹೆಡಿಯಾಲದ ಹುಲಿ

ಶೃಂಗೇರಿ ಶ್ರೀನಿವಾಸ ವರ್ಷಕ್ಕೆ ಒಂದೇ ಸಲ ತಲೆಗೂದಲು ಕತ್ತರಿಸಿಕೊಳ್ಳುವ ಆಸಾಮಿ. ಆ ದಿನವೇನೋ ಬಂತು, ಆದರೆ ಕತ್ತರಿ ಹಿಡಿಯುವವರು ಸಿಗುತ್ತಿಲ್ಲ. ಕ್ಷೌರಿಕನಿಗೆ ಪುರುಸೊತ್ತಿಲ್ಲ, ಹೆಂಡತಿಗೆ ಅವಳದೇ ಕೆಲಸ. ದರ್ಜಿ ಒಲ್ಲೆ ಎಂದ, ಬಡಗಿಯೂ ಒಲ್ಲೆ ಎಂದ. ಸಿಟ್ಟು ಮಾಡಿಕೊಂಡು ಕಾಡಿನ ದಾರಿ ಹಿಡಿದವನು ಹೋಗಿ ಸೇರಿದ್ದು ಹುಲಿಯ ಗವಿಯನ್ನು. ಹುಲಿ ಒಮ್ಮೆ ಗರ್ಜಿಸಿತು ನೋಡಿ, ಹೆದರಿಕೆಗೆ ತಲೆಗೂದಲೆಲ್ಲ ಉದುರಿ, ದುಡ್ಡಿಲ್ಲದೆ ಕ್ಷೌರ ಮುಗಿಯಿತು.

‘ಆನ್ಯುವಲ್ ಹೇರ್‌ಕಟ್ ಡೇ’ ಎಂಬ ಚಿತ್ರಪುಸ್ತಕದ ಕಥೆ ಇಷ್ಟೇ. ಬರೆದವರು ರೋಹಿಣಿ ನಿಲೇಕಣಿ, ‘ನೋನಿ’ ಎಂಬ ಹೆಸರಿನಲ್ಲಿ. ಚಿತ್ರ ಆಂಜಿ ಮತ್ತು ಉಪೇಶ್ ಜೋಡಿಯದು. ಪ್ರಕಟಿಸಿದ್ದು 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್. ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಲ್ಲಿ ಓಡಾಡಿರುವ ಈ ರೈತ ಶ್ರೀನಿವಾಸ, ನಂಜನಗೂಡು ಕಡೆಯ ಕಪಿಲೆಯ ದಡದ ಹುಲ್ಲಹಳ್ಳಿ ಸೀಮೆಯಲ್ಲಿ ಹೇಗಿದ್ದಾನೆ ಎಂದು ನೋಡಲು ಹೋದವನಿಗೆ, ಪುಸ್ತಕಕ್ಕಿಂತ ಹೆಚ್ಚು ಹಿಡಿಸಿದ್ದು ಅದನ್ನು ‘ಓದುತ್ತಿದ್ದ’ ಒಬ್ಬ ಅಜ್ಜಿ.

ಅಜ್ಜಿಗೆ ಅಕ್ಷರ ಬಾರದು. ಮೊಮ್ಮಗನಿಗೆ ನಾಲ್ಕು ವರ್ಷ. ಪುಸ್ತಕ ತಂದವಳು ಐದನೇ ಕ್ಲಾಸಿನ ಅಕ್ಕ, ಪಂಚಾಯಿತಿ ಗ್ರಂಥಾಲಯದಿಂದ. ಅವಳು ಒಂದು ಸಲ ಓದಿ ಹೇಳಿದ್ದಷ್ಟೇ, ಆಮೇಲಿನದೆಲ್ಲ ಅಜ್ಜಿಯ ಕೈವಾಡ. ಮೊದಲ ಚಿತ್ರಕ್ಕೇ ಶುರು: “ಇವ್ನ್ ತಲ ನೋಡ್ಲಾ ಮಗ, ಹುಲ್ಲು ಮೆದೆ ಇದ್ದಂಗದ!” ದರ್ಜಿ ಬಂದಾಗ ಅವನ ಬಾಯಲ್ಲಿ ಊರಿನ ಟೈಲರನ ಮಾತು. ಬಡಗಿಗೆ ನೆಗಡಿಯಾದವನ ಗೊರಗೊರ ದನಿ. ಇದ್ಯಾವುದೂ ಪುಸ್ತಕದಲ್ಲಿಲ್ಲ. ಹುಲಿ ಬರುವ ಪುಟ ಹತ್ತಿರವಾದಂತೆ ಹುಡುಗ ಹಾಳೆಯ ಮೂಲೆಯ ಮೇಲೆ ಅಂಗೈ ಒತ್ತಿ ಕೂತುಬಿಡುತ್ತಾನೆ. ತಿರುವಲು ಬಿಡುವುದಿಲ್ಲ. ಮುಂದಿರುವುದು ಅವನಿಗೆ ಗೊತ್ತು. ಗೊತ್ತಿರುವುದನ್ನು ಇನ್ನೊಂದು ಗಳಿಗೆ ತಡೆದು ಹಿಡಿಯುವುದರಲ್ಲೇ ಮಜಾ. ಕೊನೆಗೆ ಕೈ ತೆಗೆದ. ಅಜ್ಜಿ ಗರ್ಜಿಸಿದರು. ಗರ್ಜನೆ ಮುಗಿಯುವ ಮೊದಲೇ “ಇನ್ನೊಂದ್ಸಲ” ಎಂಬ ಅಪ್ಪಣೆ.

ಇಲ್ಲಿ ಹುಲಿ ಬರೀ ಚಿತ್ರದ ಪ್ರಾಣಿಯಲ್ಲ ಎಂಬುದನ್ನು ಮರೆಯುವಂತಿಲ್ಲ. ಹುಲ್ಲಹಳ್ಳಿ ದಾಟಿ ಹೆಡಿಯಾಲದ ಕಡೆ ಹೋದರೆ ಬಂಡೀಪುರದ ಕಾಡಂಚು. ದನ ಹೊಡೆದ ಹುಲಿ, ಜಮೀನಿಗೆ ಇಳಿದ ಹುಲಿ, ಬೋನು ಇಟ್ಟ ಅರಣ್ಯ ಇಲಾಖೆ, ಇವೆಲ್ಲ ಕಾಡಂಚಿನ ಮನೆಗಳ ಬೆಳಗಿನ ಮಾತು. ಅಂಥ ಕಡೆ ಹುಲಿಯನ್ನು ಕ್ಷೌರಕ್ಕೆ ಹಚ್ಚುವ ಕಥೆಗೆ ಬೇರೆಯದೇ ತೂಕ. ಹಗಲು ಕೇಳಿದ ಹೆದರಿಕೆಯನ್ನು ಮಗು ಸಂಜೆ ಅಜ್ಜಿಯ ತೊಡೆಯ ಮೇಲೆ ಕೂತು ನಕ್ಕು ಕಳೆಯುತ್ತದೆ. ಇದೇ ಶ್ರೀನಿವಾಸನ ಇನ್ನೊಂದು ಪುಸ್ತಕದಲ್ಲಿ ಅವನು ಬೆಳೆದ ಬಾಳೆಹಣ್ಣು ಯಾರಿಗೂ ಬೇಡ, ಮನೆಯವರಿಗೂ ನೆರೆಯವರಿಗೂ ಬೇಡ, ಹಸು ಕೂಡ ಮೂಸುವುದಿಲ್ಲ. ಮಕ್ಕಳು ಹಸುವಿಗೆ ನಗುತ್ತಾರೆ. ಸೊರಗು ರೋಗ ಬಡಿದು ರಸಬಾಳೆ ತೋಟಗಳು ಕರಗಿದ್ದನ್ನು ಕಂಡ ನಂಜನಗೂಡು ಸೀಮೆಯ ದೊಡ್ಡವರು ಮಾತ್ರ “ಆಗ ಕೇಜಿಗೆ ಎಷ್ಟಿತ್ತಂತೆ?” ಎಂದು ಕೇಳುತ್ತಾರೆ.

ಇಂಥ ಪುಸ್ತಕ ಕಟ್ಟುವುದು ನೋಡಿದಷ್ಟು ಸುಲಭವಲ್ಲ. ಹಾಳೆ ಮಡಿಚುವ ಲೆಕ್ಕಕ್ಕೆ ತಕ್ಕಂತೆ ಹದಿನಾರೋ ಇಪ್ಪತ್ತನಾಲ್ಕೋ ಪುಟ, ಪುಟಕ್ಕೆ ಎರಡು ಮೂರು ಸಾಲು. ಬಲಪುಟದ ಕೊನೆಗೆ ಮಾತು ಅರ್ಧಕ್ಕೆ ನಿಲ್ಲಬೇಕು, ಹಾಳೆ ತಿರುಗಿದ ಮೇಲೆ ಗುಟ್ಟು ಒಡೆಯಬೇಕು. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಿದರೆ ನಗೆ ಸತ್ತಂತೆ. ಕನ್ನಡಕ್ಕೆ ತರುವಾಗ ಇನ್ನೊಂದು ಪೇಚು: ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು, ಚಿತ್ರಕಾರರು ಬಿಟ್ಟ ಖಾಲಿ ಜಾಗವೋ ಅಷ್ಟೇ. ಹೊಸದಾಗಿ ಓದುವವರ ಪುಸ್ತಕದಲ್ಲಿ ಒತ್ತಕ್ಷರ ಆದಷ್ಟು ಕಡಿಮೆ ಇರಲಿ ಎಂಬುದು ಈ ಕಸುಬಿನವರ ಎಚ್ಚರ. ಹಾಗೆ ನೋಡಿದರೆ ‘ಶೃಂಗೇರಿ ಶ್ರೀನಿವಾಸ’ನಷ್ಟು ತೊಡಕಿನ ಹೆಸರು ಇನ್ನೊಂದಿಲ್ಲ. ಆದರೂ ಕಿವಿಯಿಂದ ಕಲಿತ ಮಕ್ಕಳು ಅದನ್ನು ನೀರು ಕುಡಿದಂತೆ ಹೇಳುತ್ತಾರೆ. ಈ ಪುಸ್ತಕಗಳು ಕೈಗೆ ಬರುವ ಮೊದಲು ಕಿವಿಗೆ ಬೀಳಬೇಕೆನ್ನುವುದು ಅದಕ್ಕೇ.

ಕನ್ನಡದ ಮಕ್ಕಳಿಗೆ ನಗೆಯ ಬಡತನ ಎಂದೂ ಇರಲಿಲ್ಲ. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. 1920ರ ದಶಕದಲ್ಲೇ ಮೈಸೂರಿನಲ್ಲಿದ್ದ ಕುವೆಂಪು, ಬ್ರೌನಿಂಗ್ ಕವಿಯ ಇಲಿಗಳನ್ನು ಬೊಮ್ಮನಹಳ್ಳಿಗೆ ಕರೆತಂದರು. ಜಿ.ಪಿ. ರಾಜರತ್ನಂ ತುತ್ತೂರಿ ಊದಿಸಿದರು. ಕೊರತೆ ಇದ್ದದ್ದು ಬಣ್ಣಕ್ಕೆ. ಬಣ್ಣದ ಅಚ್ಚು ದುಬಾರಿ, ಕೊಳ್ಳುವವರು ಕಡಿಮೆ. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕಾಲವನ್ನು ಐವತ್ತು ದಾಟಿದವರು ಈಗಲೂ ನೆನೆಯುತ್ತಾರೆ. ಸೋವಿಯತ್ ಒಕ್ಕೂಟ 1991ರಲ್ಲಿ ಮುಗಿಯಿತು, ಪುಸ್ತಕಗಳೂ ನಿಂತವು. ಆ ಜಾಗದಲ್ಲಿ ಬೆಳೆದ ಹೊಸ ಪೈರಿನಲ್ಲಿ ಪ್ರಥಮ್ ಬುಕ್ಸ್ ಒಂದು. 2015ರ ಸೆಪ್ಟೆಂಬರ್ 8ರಂದು ಅದು ‘ಸ್ಟೋರಿವೀವರ್’ ತೆರೆದ ಮೇಲೆ ಯಾರು ಬೇಕಾದರೂ ಪುಕ್ಕಟೆ ಓದಬಹುದು, ತಮ್ಮ ಮಾತಿಗೆ ತಂದುಕೊಳ್ಳಬಹುದು, ಅಚ್ಚು ಹಾಕಿಕೊಳ್ಳಬಹುದು. ಆದರೆ ಮೊಬೈಲಿನ ಪರದೆಗೆ ಬೆರಳು ತಾಗಿಸಿದರೆ ಹಾಳೆ ಸರಿಯುತ್ತದೆ. ಅಂಗೈ ಒತ್ತಿ ಹುಲಿಯನ್ನು ತಡೆಯಲು ಅಲ್ಲಿ ಮೂಲೆಯೇ ಇಲ್ಲ.

ಹಾಗಾಗಿ ಉಳಿದ ಭರವಸೆ ಊರಿನ ಗ್ರಂಥಾಲಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಶುರುವಾಯಿತು. ಆರರಿಂದ ಹದಿನೆಂಟು ವರ್ಷದವರಿಗೆ ಸದಸ್ಯತ್ವ ಉಚಿತ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು, ಗೋಡೆಗೆ ಬಣ್ಣ, ಒಂದು ಮೂಲೆಯಲ್ಲಿ ಕಂಪ್ಯೂಟರ್. ಒಳ್ಳೆಯ ಕೆಲಸವೇ. ಆದರೆ ನಗೆಯ ಚಿತ್ರಪುಸ್ತಕ ಎಲ್ಲರಿಗಿಂತ ಹೆಚ್ಚು ಬೇಕಾಗಿರುವುದು ಆರು ತುಂಬದ ಮಕ್ಕಳಿಗೆ, ಅಕ್ಕನ ಕಾರ್ಡಿಲ್ಲದೆ ಅವರ ಮನೆಗೆ ಪುಸ್ತಕ ಬಾರದು. ಅಂಗನವಾಡಿಗೆ ಒಂದು ಕಟ್ಟು ಪುಸ್ತಕ, ತಿಂಗಳಿಗೊಂದು ಮಧ್ಯಾಹ್ನ ಅಜ್ಜಿಯರಿಗೊಂದು ಚಾಪೆ, ಇಷ್ಟಾದರೂ ಆಗಬಹುದು. ಅಕ್ಷರ ಬಾರದಿದ್ದರೂ ನಡೆಯುತ್ತದೆ ಎನ್ನಲು ಸಾಕ್ಷಿ ಮೇಲೆಯೇ ಇದೆ.

ಅಡ್ಡಿ ದುಡ್ಡಿನದಲ್ಲ, ಬೀಗದ ಕೈಯದು. ಚಿಕ್ಕ ಮಕ್ಕಳು ಪುಸ್ತಕ ಹರಿಯುತ್ತಾರೆ, ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಾದವರು ಮೇಲ್ವಿಚಾರಕರು. ಬಣ್ಣದ ಪುಸ್ತಕಗಳು ಬೀರುವಿನಲ್ಲಿ ಹೊಸದಾಗಿಯೇ ಉಳಿಯುವುದು ಅದಕ್ಕೇ. ಹರಿದ ಪುಸ್ತಕಕ್ಕೆ ಲೆಕ್ಕ ಕೇಳುವ ನಾವು ಹರಿಯದೇ ಉಳಿದದ್ದಕ್ಕೂ ಲೆಕ್ಕ ಕೇಳುವ ದಿನ ಬಂದೀತು. ಅಷ್ಟು ಹೊತ್ತಿಗೆ ಈಗಿನ ನಾಲ್ಕು ವರ್ಷದವರು ಹೈಸ್ಕೂಲು ಸೇರಿರುತ್ತಾರೆ, ಹುಲಿಯ ಗರ್ಜನೆಗೆ ಕೂದಲು ಉದುರುವುದಿಲ್ಲ ಎಂದು ವಿಜ್ಞಾನದ ಪಾಠ ಅವರಿಗೆ ಹೇಳಿಯಾಗಿರುತ್ತದೆ.